ಅಂಟಣ್ಣನ ಅದಲು ಬದಲು

ತೊಂದರೆ ಶುರುವಾದದ್ದು ಬೆರಳುದ್ದದ ಒಂದು ಪಟ್ಟಿಯಿಂದ. ಅರ್ಧ ಅಲ್ಯೂಮಿನಿಯಂ, ಅರ್ಧ ಪ್ಲಾಸ್ಟಿಕ್, ನಡುವೆ ಅಂಟು. ಅಂಟಿನ ಕಾರ್ಖಾನೆಯಲ್ಲಿ ಇಂಥ ಪಟ್ಟಿಗಳನ್ನು ತೇವದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟು, ಆಮೇಲೆ ಯಂತ್ರಕ್ಕೆ ಸಿಕ್ಕಿಸಿ ಎಳೆದು ಕೀಳುತ್ತಿದ್ದರು. ತೇವ ಒಳಗೆ ನುಸುಳಿ ಅಂಟನ್ನು ಎಷ್ಟು ತಿಂದಿದೆ ಎಂದು ತಿಳಿಯಬೇಕಲ್ಲ. ಈ ಘನಕಾರ್ಯ ಮಾಡುವವನನ್ನು ಎಲ್ಲರೂ ಅಂಟಣ್ಣ ಎನ್ನುತ್ತಿದ್ದರು.

ಈ ಪಟ್ಟಿಯನ್ನು ಅಂಟಿಸಿದ್ದವಳು ಅವನ ಹೆಂಡತಿ. ಅದೇ ಕೋಣೆಯಲ್ಲಿ, ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳು. ಈಗ ಅವಳಿಲ್ಲ. ಅವಳು ಅಂಟಿಸಿದ್ದರಲ್ಲಿ ಉಳಿದದ್ದು ಇದೊಂದೇ.

"ಇವತ್ತು ಅದನ್ನ ಎಳೆದುಬಿಡಿ," ಎಂದರು ಮ್ಯಾನೇಜರು.

"ಇನ್ನೊಂದು ವರ್ಷ ನೆನೀಲಿ ಸಾರ್."

"ನೆನೆದದ್ದು ಸಾಕು ಕಣಯ್ಯ!"

ಅವರು ಹೇಳಿದ್ದು ಪಟ್ಟಿಯ ವಿಷಯ. ಅಂಟಣ್ಣನಿಗೆ ಮಾತ್ರ ಕಣ್ಣು ತುಂಬಿ ಬಂತು. ಮುಖ ತೊಳೆಯಲು ನಲ್ಲಿಗೆ ಓಡಿದ. ಎಲ್ಲರ ವಿಷಯಕ್ಕೂ ಮೂಗು ತೂರಿಸುವ ಸ್ಟೋರಿನ ಅಕ್ಕ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಮುಖ ಒರೆಸಿಕೊಳ್ಳುವಾಗ ಅವನಿಗೊಂದು ಉಪಾಯ ಹೊಳೆಯಿತು. ಮ್ಯಾನೇಜರು ಟೀ ಕುಡಿಯಲು ಹೋದದ್ದೇ ತಡ, ಪೆಟ್ಟಿಗೆಯಿಂದ ಒದ್ದೆ ಪಟ್ಟಿ ತೆಗೆದು ಅದರ ನಂಬರಿನ ಚೀಟಿ ಬಿಚ್ಚಿದ. ಹೊಸ ಪಟ್ಟಿಗಳ ಟ್ರೇಯಲ್ಲಿ ಎಲ್ಲಕ್ಕಿಂತ ಮೇಲಿದ್ದುದಕ್ಕೆ ಆ ಚೀಟಿ ಕಟ್ಟಿ, ನೀರಲ್ಲಿ ಅದ್ದಿದ. ಒದ್ದೆಯದನ್ನು ಹಾಗೇ ಎದೆಯ ಜೇಬಿಗೆ ಇಳಿಬಿಟ್ಟ.

"ಏನಯ್ಯ, ಜೇಬೆಲ್ಲ ಒದ್ದೆ?" ಮ್ಯಾನೇಜರು ಬಂದೇಬಿಟ್ಟರು.

"ಬೆವರು ಸಾರ್."

"ಒಂದೇ ಕಡೆ ಬೆವರ್ತೀಯಾ?"

ಅಂಟಣ್ಣ ಚೀಟಿ ಕಟ್ಟಿದ ಪಟ್ಟಿಯನ್ನು ಸಿಕ್ಕಿಸಿ ಯಂತ್ರ ತಿರುಗಿಸಿದ. ಮಾಮೂಲಿಗಿಂತ ಹುರುಪಿನಿಂದಲೇ ತಿರುಗಿಸಿದ. ಪಟ್ಟಿ ಪಟ್ಟೆಂದು ಬಿಟ್ಟುಕೊಂಡಿತು.

"ತೇವ ಪೂರಾ ತಿಂದುಹಾಕಿದೆ," ಎಂದರು ಮ್ಯಾನೇಜರು.

ಹೊಸ ಅಂಟಿನ ಯೋಗ್ಯತೆ ಇಷ್ಟೇನಾ ಎಂದು ಅಂಟಣ್ಣ ಒಳಗೊಳಗೇ ನಕ್ಕ. ಎರಡೂ ತುಂಡುಗಳನ್ನು ಕಸದ ಬುಟ್ಟಿಗೆ ಎಸೆದ. ಎಷ್ಟೋ ದಿನಗಳ ಮೇಲೆ ಅವತ್ತು ಹೊಟ್ಟೆ ತುಂಬ ಊಟ ಮಾಡಿದ.

ಸಂಜೆ ಸ್ಟೋರಿನ ಅಕ್ಕ ಹತ್ತಿರ ಬಂದು ಪಿಸುಗುಟ್ಟಿದಳು.

"ಸಂಕಟ ಪಡಬೇಡ ತಮ್ಮ. ಅವಳ ಪಟ್ಟಿ ಭದ್ರವಾಗಿದೆ. ನೀನು ಮುಖ ತೊಳೆಯೋಕೆ ಹೋದಾಗ ಮ್ಯಾನೇಜರ ಬೆನ್ನ ಹಿಂದೇನೇ ಅದರ ಚೀಟೀನ ಒಂದು ಹೊಸ ಪಟ್ಟಿಗೆ ಕಟ್ಟಿ, ಒದ್ದೆ ಮಾಡಿ ಪೆಟ್ಟಿಗೇಲಿಟ್ಟೆ. ಅವಳದನ್ನ ಚೆನ್ನಾಗಿ ಒರೆಸಿ ಹೊಸವುಗಳ ಟ್ರೇಲಿ ಎಲ್ಲಕ್ಕಿಂತ ಮೇಲೇ ಇಟ್ಟಿದೀನಿ. ತಗೊಂಡು ಹೋಗು."

ಅಂಟಣ್ಣ ಬುಟ್ಟಿಯ ಕಡೆ ನೋಡಿದ. ಕಸ ಗುಡಿಸುವವನು ಆಗಲೇ ಖಾಲಿ ಮಾಡಿದ್ದ.

"ಯಾಕಪ್ಪ, ಸಂತೋಷ ಆಗ್ಲಿಲ್ವಾ?"

"ಆಯ್ತಕ್ಕ," ಎಂದು ಎದೆಯ ಜೇಬು ಮುಟ್ಟಿ ನೋಡಿಕೊಂಡ. ಯಾರು ಅಂಟಿಸಿದ್ದೋ ಏನೋ, ಪಟ್ಟಿ ಗಟ್ಟಿಯಾಗಿತ್ತು.