ಟೊಮೆಟೊ ವಿರುದ್ಧ ಸೂರ್ಯ

ನನಗೂ ಪೇಚಿಗೂ ಅದೇನು ನಂಟೋ, ಮೈಸೂರು ಬಿಟ್ಟು ಕತಾರಿನ ದೋಹಾಕ್ಕೆ ಬಂದರೂ ಅದು ನನ್ನನ್ನು ಬಿಡಲಿಲ್ಲ. ಇಲ್ಲಿ ಫುಟ್‌ಬಾಲ್ ವರ್ಲ್ಡ್‌ಕಪ್ ನಡೆದ ವರ್ಷ ನಮ್ಮ ಕಾರ್ಟೂನ್ ಸ್ಟುಡಿಯೊಗೆ ಒಂದು ಸಂಶೋಧನಾ ಸಂಸ್ಥೆಯಿಂದ ಕೆಲಸ ಬಂತು. ಸುಡುಬಿಸಿಲನ್ನೂ ಉಪ್ಪುನೀರನ್ನೂ ತಾಳಿಕೊಳ್ಳುವ ಟೊಮೆಟೊ ಬೆಳೆಸುವುದು ಹೇಗೆಂದು ಕಾರ್ಟೂನಿನಲ್ಲಿ ವಿವರಿಸಬೇಕು. ಮಂಗಳೂರಿನವರಾದ ನಮ್ಮ ಮ್ಯಾನೇಜರ್ ಅದನ್ನು ನನಗೆ ಒಪ್ಪಿಸಿ, "ಇದು ಪಾಸಾದ್ರೆ ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗ್ತದೆ ಮಾರಾಯ್ರೆ. ಇಲ್ಲದಿದ್ರೆ ಖಲಾಸ್" ಎಂದರು.

ಎತ್ತು

ಕೃಷಿ ಎಂದೊಡನೆ ನಾನು ಎರಡು ಎತ್ತು ಬರೆದೆ. ನಾನು ಎತ್ತನ್ನು ಹತ್ತಿರದಿಂದ ನೋಡಿದ್ದು ಸಂಕ್ರಾಂತಿಯ ದಿನ ಮಾತ್ರ. ಹಾಗಾಗಿ ಕೊಂಬಿಗೆ ಬಲೂನು ಕಟ್ಟಿ, ಮೈಗೆ ಅರಿಸಿನ ಬಳಿದೇ ನೇಗಿಲಿಗೆ ಹೂಡಿದ್ದೆ. ಸಂಸ್ಥೆಯ ವಿಜ್ಞಾನಿ ಮೇಡಂ ಬಹಳ ಹೊತ್ತು ಚಿತ್ರ ನೋಡಿದರು.

"ಇವು ಏನು ಮಾಡ್ತಿವೆ?"

"ಉಳ್ತಿವೆ ಮೇಡಂ."

"ನಮ್ಮ ಗಿಡ ಮಣ್ಣಿನಲ್ಲಿ ಬೆಳೆಯೋದೇ ಇಲ್ಲ, ಪೈಪಿನೊಳಗೆ ಹರಿಯೋ ನೀರಿನಲ್ಲಿ ಬೆಳೆಯುತ್ತೆ. ಇವು ಪೈಪನ್ನು ಉಳ್ತವಾ?"

ಸಸಿ

ನನ್ನ ಜ್ಞಾನ ಕಂಡು ಮರುಗಿದ ಮೇಡಂ ಒಂದು ಸಸಿ ಕೊಟ್ಟರು. "ಮನೆಯಲ್ಲಿಟ್ಟು ಗಮನಿಸಿ. ಎಂಥ ಬಿಸಿಲಿಗೂ ಜಗ್ಗಲ್ಲ" ಎಂದರು. ಅದನ್ನು ಮದೀನತ್ ಖಲೀಫಾದ ನಮ್ಮ ಫ್ಲ್ಯಾಟಿಗೆ ತಂದೆ. ಬಾಲ್ಕನಿಯಲ್ಲಿ ಕಾದ ಗಾಳಿ. ಪಾಪ, ಪುಟ್ಟ ಜೀವ ಎನಿಸಿ ಹಾಲ್‌ನ ಕರ್ಟನ್ ಎಳೆದು, ಎಸಿಯ ಮುಂದೆಯೇ ಇಟ್ಟೆ. ವಾರದೊಳಗೆ ಸಸಿ ತಲೆ ಬಾಗಿಸಿ ಪ್ರಾಣ ಬಿಟ್ಟಿತು. ನನಗೆ ನಿಜವಾಗಿಯೂ ದುಃಖವಾಯಿತು.

ಹೆಂಡತಿ ಕುಂಡ ಎತ್ತಿಡುತ್ತಾ ಅಂದಳು: "ಅದಕ್ಕೆ ಬಿಸಿಲು ತಾಳೋದು ಕಲಿಸಿದಾರೆ ಕಣ್ರೀ, ನಿಮ್ಮನ್ನು ತಾಳೋದು ಕಲಿಸಿಲ್ಲ."

ಮ್ಯಾಚು

ಕೊನೆಗೆ ಮ್ಯಾನೇಜರೇ ದಾರಿ ತೋರಿಸಿದರು. "ಈಗ ಫುಟ್‌ಬಾಲ್ ಇಲ್ಲದ ವಿಡಿಯೊ ಯಾರು ನೋಡ್ತಾರೆ ಮಾರಾಯ್ರೆ? ಸೂರ್ಯನಿಗೂ ಟೊಮೆಟೊಗೂ ಒಂದು ಮ್ಯಾಚ್ ಇಡಿ."

ನಾನು ಕ್ರಿಕೆಟ್ಟಿನವನು. ಆದರೂ ಇಟ್ಟೆ. ಟೊಮೆಟೊಗೆ ಹಸಿರು ಜರ್ಸಿ. ಸೂರ್ಯ ವಿಲನ್ನು, ಸ್ವಲ್ಪ ಗತ್ತಿರಲಿ ಎಂದು ಮರೂನ್ ಜರ್ಸಿ ತೊಡಿಸಿದೆ. ಊರಿನ ಕಾರು, ಕಟ್ಟಡ, ಅಂಗಡಿಗಳ ಮೇಲೆಲ್ಲ ಆ ಬಣ್ಣ ನೋಡಿ ನೋಡಿ ಕಣ್ಣಿಗೆ ಹಿತವಾಗಿತ್ತು. ಅದು ಕತಾರ್ ತಂಡದ ಬಣ್ಣ ಎಂಬುದು ಮಾತ್ರ ಈ ಮಂಡೆಗೆ ಹೊಳೆಯಲಿಲ್ಲ. ಕಲರ್ ಪ್ರಿಂಟರ್ ಕೆಟ್ಟಿದ್ದರಿಂದ ಮೇಡಂ ಕಪ್ಪು-ಬಿಳುಪು ಚಿತ್ರ ನೋಡಿಯೇ ಒಪ್ಪಿದರು. ಮುಗಿದ ವಿಡಿಯೊ ನೋಡಬೇಕಿದ್ದ ಮ್ಯಾನೇಜರ್ ಸ್ಟೇಡಿಯಮ್ಮಿನಲ್ಲಿದ್ದರು.

ಪ್ರದರ್ಶನದ ದಿನ ಹಾಲ್ ತುಂಬಾ ಇಲ್ಲಿನ ಶಾಲಾ ಮಕ್ಕಳು. ಪರದೆಯ ಮೇಲೆ ಸೂರ್ಯ ಬಂದದ್ದೇ ತಡ, ಹಾಲ್ ಹಾರಿಹೋಗುವಂತೆ ಚಪ್ಪಾಳೆ. ವಿಲನ್ನಿಗೇ ಇಷ್ಟಾದರೆ ಹೀರೊಗೆ ಇನ್ನೆಷ್ಟೋ ಎಂದು ನಾನು ಉಬ್ಬಿದೆ. ಟೊಮೆಟೊ ಬಂತು. ಮಕ್ಕಳು ಛೀ, ಥೂ ಎಂದು ಕೂಗಿದರು. ಸೂರ್ಯ ಗೋಲು ಹೊಡೆದು ಗಿಡ ಬಾಡಿದಾಗ ಕುರ್ಚಿ ಹತ್ತಿ ಕುಣಿದರು. ಸಂಶೋಧನೆಯ ಬಲದಿಂದ ಟೊಮೆಟೊ ತಿರುಗಿ ಎರಡು ಗೋಲು ಹೊಡೆದು ಗೆದ್ದಾಗ ಇಡೀ ಹಾಲ್‌ನಲ್ಲಿ ಸೂತಕದ ಕಳೆ. ಒಂದು ಮಗುವಂತೂ ಬಿಕ್ಕಿ ಬಿಕ್ಕಿ ಅತ್ತಿತು. ನನಗೂ ಅಳು ಬಂತು, ಕಾಂಟ್ರಾಕ್ಟ್ ನೆನೆದು.

ಸಂಸ್ಥೆಯ ನಿರ್ದೇಶಕರು, ಕತಾರಿನವರೇ, ಗಂಭೀರವಾಗಿ ಎದ್ದುಬಂದರು. "ಜರ್ಸಿ ಅದಲುಬದಲು ಮಾಡಿ. ಇವರೇ ಮಾಡಲಿ. ಯಲ್ಲಾ, ನಡೀರಿ" ಎಂದು ಹೊರಟರು.

"ರಿನ್ಯೂ ಆಯ್ತು, ಉಸಿರು ಬಿಡಿ" ಎಂದು ಪಕ್ಕದಲ್ಲಿದ್ದ ಮ್ಯಾನೇಜರ್ ಪಿಸುಗುಟ್ಟಿದರು. ನಾನು ಇನ್ನೂ ಉಸಿರು ಬಿಡುತ್ತಿದ್ದೆ, ಬಾಗಿಲವರೆಗೆ ಹೋಗಿದ್ದ ನಿರ್ದೇಶಕರು ವಾಪಸ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಒಂದು ಮಾತು ಕೇಳ್ತೀನಿ. ಈ ವರ್ಲ್ಡ್‌ಕಪ್ಪಿನಲ್ಲಿ ನಮ್ಮವರು ಆಡಿದ್ದನ್ನೆಲ್ಲ ಸೋತರು. ಅದು ಸಾಲದು ಅಂತ ಟೊಮೆಟೊ ಕೈಯಲ್ಲೂ ಸೋಲಿಸಬೇಕಿತ್ತಾ?"