ಗೋಡೆಯಲ್ಲಿ ಮುಖ ಕಂಡ ಕ್ಯಾಮೆರಾ

ಸದ್ದು ಮಾಡದೆ ಕೆಲಸ ಮಾಡುವ ಯಾವ ವಸ್ತುವನ್ನೂ ನಾನು ನಂಬುವವಳಲ್ಲ. ಕುಕ್ಕರ್ ಸೀಟಿ ಹೊಡೆಯಬೇಕು, ಮಿಕ್ಸರ್ ಒದರಬೇಕು, ನೀರಿನ ಮೋಟಾರು ಗುಂಯ್ ಅನ್ನಬೇಕು. ಆಗ ಮನೆಯಲ್ಲಿ ಜೀವ ಇದೆ ಅನ್ನಿಸುತ್ತದೆ. ಸದ್ದಿಲ್ಲದೆ ಬರುವವು ಎಂಥವು ನೋಡಿ: ಸೋರುವ ಗ್ಯಾಸು, ಹಾಲಿಗೆ ಬಾಯಿ ಹಾಕುವ ಬೆಕ್ಕು, ಸಕ್ಕರೆ ಕಾಯಿಲೆ. ಈ ಕೊನೆಯದು ನಮ್ಮ ಮನೆಯವರಿಗೆ ಬಂದು, ಮೈಯಲ್ಲಿ ಬೇರೆಲ್ಲೂ ಜಾಗ ಇಲ್ಲವೆಂಬಂತೆ ನೆಟ್ಟಗೆ ಕಣ್ಣಿಗೆ ಇಳಿಯಿತು. ಅವರು ಫೋಟೋಗ್ರಾಫರ್. ಡಾಕ್ಟರು ಕಣ್ಣಿಗೆ ಸೂಜಿ ಹಾಕಿ, ಇದ್ದಷ್ಟನ್ನು ಉಳಿಸಿಕೊಳ್ಳೋಣ ಎಂದರು. ಇದ್ದಷ್ಟು ಉಳಿದಿದೆ, ಸಿದ್ಧೇಶ್ವರನ ದಯೆ. ಮುಂಜಾನೆ ದೀಪ ಹಚ್ಚುವಾಗ ಹೀಗೆ ಉಳಿದದ್ದನ್ನೆಲ್ಲ ನಾನು ದೇವರಿಗೆ ಹೇಳಿಕೊಳ್ಳುತ್ತೇನೆ: ಮೊಣಕಾಲು ನೋವು ಒಂದೇ ಕಾಲಿಗಿದೆ, ನಳದ ನೀರು ಇಂದಲ್ಲದಿದ್ದರೆ ನಾಳೆಯಾದರೂ ಬರುತ್ತದೆ, ಮಗಳು ಬೈಯುವುದಕ್ಕಾದರೂ ಫೋನು ಮಾಡುತ್ತಾಳೆ.

ಸಿದ್ಧೇಶ್ವರನ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ, ಅದಕ್ಕೆ ಅಂಟಿಕೊಂಡೇ ಮನೆ. ಇವರ ಕ್ಯಾಮೆರಾ ಹಳೆಯ ಡಿಎಸ್‌ಎಲ್‌ಆರ್. ಅದರ ಹೊಟ್ಟೆಯೊಳಗೆ ಚಿಕ್ಕದೊಂದು ಕನ್ನಡಿ ಇದೆ. ಗುಂಡಿ ಒತ್ತಿದರೆ ಕನ್ನಡಿ ಮೇಲಕ್ಕೆದ್ದು ಮತ್ತೆ ಕೂರುತ್ತದೆ. ಆಗ ಬರುವುದೇ ಆ 'ಖಟಕ್'. ಬಸುರಿಯ ಕುಬಸ, ಕೂಸಿನ ತೊಟ್ಟಿಲು ಇಂಥ ಹೆಂಗಸರ ಕಾರ್ಯಕ್ಕೆ ನಾನೂ ಇವರ ಜೊತೆ ಹೋಗುತ್ತೇನೆ. ನಿರಿಗೆ ಸರಿಮಾಡುವುದು, ಬೆವರು ಒರೆಸುವುದು, "ಗದ್ದ ಎತ್ತಬೇ ತಂಗಿ" ಅನ್ನುವುದು ನನ್ನ ಪಾಲಿನ ಕೆಲಸ. ಖಟಕ್ ಅಂದ ಕೂಡಲೇ ಬಿಗಿ ಹಿಡಿದ ಉಸಿರುಗಳೆಲ್ಲ ಒಮ್ಮೆಲೇ ಹೊರಬೀಳುತ್ತವೆ, ಹೊಟ್ಟೆಗಳು ಮುಂದೆ ಬರುತ್ತವೆ, ಮಾತು ಶುರುವಾಗುತ್ತದೆ. ಆ ಸದ್ದು ಬಂದರೆ ಫೋಟೋ ಬಂತು ಅಂತಲೇ ಲೆಕ್ಕ.

ಆದರೆ ನಿಡೋಣಿಯ ಒಂದು ಕುಬಸದಲ್ಲಿ ಸದ್ದು ಬಂತು, ಫೋಟೋ ಬರಲಿಲ್ಲ. ಬಸುರಿಯ ಅತ್ತೆ ಆಲ್ಬಮ್ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದರು. "ಬಳಿ ಭಾಳ ಛಂದ ಬಂದಾವ್ರಿ. ಖರೇ ಹೇಳ್ತೀನಿ, ಒಂದೊಂದ ಬಳಿ ಎಣಿಸಬಹುದು. ಆದ್ರ ಹಾಕ್ಕೊಂಡಾಕಿ ಯಾರು ಅಂತ ಗೊತ್ತಾಗವಲ್ದು."

"ಅವತ್ತ ಧೂಳ ಭಾಳ ಇತ್ತರಿ," ಅಂದರು ಇವರು.

"ಧೂಳ ಬರೇ ನಮ್ಮ ಸೊಸಿ ಮಾರಿ ಮ್ಯಾಲಷ್ಟ ಇತ್ತೇನ್ರಿ?"

ಅದಾದ ಮೇಲೆ ಕನಮಡಿಯಿಂದ ಫೋನು ಬಂತು. ಅಲ್ಲಿನ ಮದುವೆ ನಮಗೇ ಅಂತ ಮೊದಲೇ ಮಾತಾಗಿತ್ತು. "ಫೋಟೋ ನೀವ ತಗೀತೀರೋ, ಬ್ಯಾರೆ ಯಾರನರೆ ಕಳಸ್ತೀರೋ?" ಅಂತ ಕೇಳಿದರಂತೆ. ನಿಡೋಣಿಯ ಬಳೆಗಳು ಅಷ್ಟು ದೂರ ಹೋಗಿ ಮುಟ್ಟಿದ್ದವು. ಇವರು ಫೋನು ಇಟ್ಟು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಈ ಕೆಲಸ ಬಿಟ್ಟರೆ ಇವರಿಗೆ ಬೇರೆ ಕೆಲಸ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಕೆಲಸ ಬಿಟ್ಟರೆ ಇವರು ಯಾರು ಅಂತ ಇವರಿಗೇ ಗೊತ್ತಿಲ್ಲ.

ತಿಕೋಟಾದ ಮಲ್ಲು ಇವರ ಹತ್ತಿರವೇ ಕೆಲಸ ಕಲಿತವನು. ಈಗ ಅವನದೇ ಸ್ಟುಡಿಯೋ ಇದೆ, ಹೆಂಡತಿ ಮಕ್ಕಳಿದ್ದಾರೆ, ಹೊಟ್ಟೆಯೂ ಬಂದಿದೆ. ಮುಹೂರ್ತಗಳಿಲ್ಲದ ದಿನಗಳಲ್ಲಿ ತನ್ನ ಮಿರರ್‌ಲೆಸ್ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. "ಕಾಕಾ, ಇದರಾಗ ಕನ್ನಡಿ ಇಲ್ರಿ. ಮಂದಿ ಮಾರಿ ಎಲ್ಲೈತಿ, ಕಣ್ಣ ಎಲ್ಲೈತಿ ಅಂತ ತಾನ ಹುಡುಕಿ ಚೌಕಾ ಹಾಕತೈತಿ. ನೀವು ಬರೇ ಒತ್ತೂದು. ಇಟಗೊಂಡ ನೋಡ್ರಿ. ಮನಸಿಗೆ ಬಂದ್ರ ಹಳೇದ ಕೊಟ್ಟ ಇಂಥಾದ್ದ ತಗೊಳ್ಳೂಣು."

"ಕನ್ನಡಿ ಅಂದ್ರ ಲಕ್ಷ್ಮಿ ಇದ್ದಂಗ," ಅಂದೆ ನಾನು. "ಆರತಿ ತಟ್ಟ್ಯಾಗ ಇಡ್ತೀವಿ. ಕನ್ನಡಿ ತಗದ ಹಾಕಿದ್ದನ್ನ ಮನ್ಯಾಗ ತರೂದೇನೋ?"

"ಕಾಕೂ, ಯಾರೂ ತಗದಿಲ್ರಿ. ಅದು ಹುಟ್ಟಿದ್ದಽ ಹಂಗ."

"ಹಂಗಾದ್ರ ಇನ್ನೂ ಕೆಟ್ಟ ಆತಲ್ಲೋ!"

ಇವರು ನಡುವೆ ಬಾಯಿ ಹಾಕಿ, "ನಿನ್ನ ದೇವರನ್ನ ಕೇಳು. ನೀ ಹೂಂ ಅಂದ್ರ ತಗೊಳ್ಳೂಣು" ಅಂದರು. ತಮಗೆ ಧೈರ್ಯ ಸಾಲದ ವಿಷಯಗಳನ್ನು ಅವರು ದೇವರಿಗೆ ಬಿಡುವುದು ನನ್ನ ಮೂಲಕವೇ. ನಾನು ಮಡಿಯಲ್ಲಿ ಕೂತು ಲಿಂಗದ ಮೇಲೆ ಹೂವಿಟ್ಟು, ಬಲಕ್ಕೆ ಬಿದ್ದರೆ ಹೊಸದು, ಎಡಕ್ಕೆ ಬಿದ್ದರೆ ಹಳೆಯದು ಅಂತ ಬೇಡಿಕೊಂಡೆ. ಹೂವು ಅಲ್ಲೇ ಕೂತು ಒಣಗಿತು. ಇವರ ವಿಷಯದಲ್ಲಿ ದೇವರಿಗೂ ಧೈರ್ಯ ಸಾಲದು ಅಂದುಕೊಂಡೆ.

ನಮ್ಮೂರಿನ ಮಧ್ಯಾಹ್ನ ಗೊತ್ತಲ್ಲ, ಓಣಿಯಲ್ಲಿ ನಾಯಿಯೂ ಇರುವುದಿಲ್ಲ. ಬಿಸಿಲು ಎಲ್ಲರನ್ನೂ ಒಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದ ಹಾಗಿರುತ್ತದೆ. ಅಂಥದ್ದೊಂದು ಹೊತ್ತಿನಲ್ಲಿ ನಾನು ಒಬ್ಬಳೇ ಇದ್ದೆ, ಕರೆಂಟೂ ಹೋಗಿತ್ತು. ಇವರು ಮಲ್ಲುವಿನ ಆ ಕ್ಯಾಮೆರಾವನ್ನು ಬಂದ್ ಮಾಡದೆ ಪಡಸಾಲೆಯ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಅದರ ಮುಖ ಎದುರಿನ ಗೋಡೆಗೆ. ಆ ಗೋಡೆಯಲ್ಲಿ ಒಂದು ಎಣ್ಣೆಯ ಕಲೆ ಇದೆ. ನಮ್ಮ ಅತ್ತೆ ಬದುಕಿರುವವರೆಗೂ ಅಲ್ಲಿಯೇ ತಲೆ ಒರಗಿಸಿ ಕೂರುತ್ತಿದ್ದರು. ಅವರು ಹೋಗಿ ವರ್ಷಗಳಾದವು, ಎಷ್ಟು ಸಲ ಸುಣ್ಣ ಹೊಡೆಸಿದರೂ ಕಲೆ ಮತ್ತೆ ಮೇಲೆ ಬರುತ್ತದೆ.

ಮೇಜು ಒರೆಸಲು ಹೋದವಳು ಕ್ಯಾಮೆರಾದ ಹಿಂದಿನ ಪರದೆ ನೋಡಿದೆ. ಗೋಡೆ ಕಾಣುತ್ತಿತ್ತು. ಗೋಡೆಯ ಮೇಲೆ, ಸರಿಯಾಗಿ ಆ ಕಲೆಯ ಮೇಲೆ, ಒಂದು ಬಿಳಿ ಚೌಕ. ಮುಖ ಸಿಕ್ಕಿತು ಅನ್ನುವ ಚೌಕ. ನೋಡುತ್ತಿದ್ದ ಹಾಗೇ ಅದರೊಳಗೆ ಇನ್ನೊಂದು ಚಿಕ್ಕ ಚೌಕ ಮೂಡಿತು, ಕಣ್ಣೂ ಸಿಕ್ಕಿತು ಅನ್ನುವ ಹಾಗೆ. ತಲೆಯೆತ್ತಿ ನೋಡಿದೆ: ಬರೀ ಗೋಡೆ, ಬರೀ ಕಲೆ. ಮತ್ತೆ ಪರದೆ ನೋಡಿದೆ. ಚೌಕ ಅಲುಗಿತು. ಕೂತವರು ಮಂಡಿಗೆ ಕೈಯೂರಿ ನಿಧಾನಕ್ಕೆ ಏಳುತ್ತಾರಲ್ಲ, ಹಾಗೆ ಸ್ವಲ್ಪ ಮೇಲಕ್ಕೆ ಸರಿದು ಅಡುಗೆಮನೆಯ ಕಡೆ ಹೊರಟಿತು.

ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಅತ್ತೆಗೆ ಮೊದಲಿನಿಂದಲೂ ನನ್ನ ಬೇಳೆಯ ಮೇಲೆ ನಂಬಿಕೆ ಕಡಿಮೆ.

ನಾನೇನು ಮಾಡಿದೆ ಅಂತ ಕೇಳಿ. ಕೂಗಲಿಲ್ಲ, ಓಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತೆ. ಎಷ್ಟೋ ವರ್ಷದ ರೂಢಿ, ಕಾಲು ತಾನೇ ಸರಿಯಿತು. ಚೌಕ ಬಾಗಿಲವರೆಗೆ ಹೋಗಿ ಮಾಯವಾಯಿತು. ಬೇಳೆ ಮಾತ್ರ ಅವತ್ತು ಹದವಾಗಿ ಬೆಂದಿತ್ತು.

ಸಂಜೆ ಇವರು ನಕ್ಕರು. "ಎರಡ ಕಪ್ಪ ಚುಕ್ಕಿ, ನಡುವ ಒಂದ ಗೆರಿ ಕಂಡ್ರ ಅದು ಮಾರಿ ಅಂತೈತಿ. ಮಷಿನ್ ಅದು. ನೋಡಿಲ್ಲಿ." ದೇವರ ಜಗಲಿಯ ಮೇಲಿನ ತೆಂಗಿನಕಾಯಿಗೆ ಹಿಡಿದರು, ಚೌಕ ಬಂತು. ಒಪ್ಪಿದೆ, ತೆಂಗಿನಕಾಯಿಗೆ ಕಣ್ಣಿವೆ. "ಈಗ ಗ್ವಾಡಿಗೆ ಹಿಡೀರಿ" ಅಂದೆ. ಹಿಡಿದರು. ಏನೂ ಬರಲಿಲ್ಲ. "ಕಂಡ್ಯಾ?" ಅಂದರು ಗೆದ್ದವರ ಹಾಗೆ. ಮಗ ಮನೆಯಲ್ಲಿದ್ದಾಗ ಅತ್ತೆ ನನ್ನ ಅಡುಗೆಯ ಸುದ್ದಿ ಎತ್ತುತ್ತಿರಲಿಲ್ಲ ಅನ್ನುವುದು ಇವರಿಗೇನು ಗೊತ್ತು?

ಇದು ಮನೆಗೆ ಬರುವುದು ಬೇಡ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಆದರೆ ಅದನ್ನು ಹೇಳುವ ಮೊದಲೇ ಬಬಲೇಶ್ವರದಿಂದ ಫೋನು ಬಂತು: ದೊಡ್ಡವ್ವ ತೀರಿಕೊಂಡಳು. ಇವರ ದೊಡ್ಡವ್ವ, ನಮ್ಮ ಅತ್ತೆಯ ಸ್ವಂತ ಅಕ್ಕ. ಹಳೆಯ ಕ್ಯಾಮೆರಾ ಎಷ್ಟಕ್ಕೆ ಹೋಗುತ್ತದೆಂದು ಅಂಗಡಿಯಲ್ಲಿ ತೋರಿಸಿ ಬರುತ್ತೇನೆಂದು ಮಲ್ಲು ಒಯ್ದಿದ್ದ. ಮನೆಯಲ್ಲಿ ಇದ್ದದ್ದು ಕನ್ನಡಿ ಇಲ್ಲದ್ದು ಒಂದೇ. ಕಡೆಯ ಫೋಟೋಕ್ಕೆ ಬೇಕಾಗುತ್ತದೆಂದು ಇವರು ಅದನ್ನೇ ಹೆಗಲಿಗೆ ಹಾಕಿಕೊಂಡರು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ದೊಡ್ಡವ್ವ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಹಣೆ ತುಂಬ ವಿಭೂತಿ, ಕೊರಳು ತುಂಬ ಹೂವು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಬದುಕಿದ್ದಾಗ ಅಷ್ಟು ನೆಟ್ಟಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಹಿರಿಮಗ ಬಸಣ್ಣ, "ಎಲ್ಲಾರೂ ಅವ್ವನ ಸುತ್ತ ಕೂಡ್ರಿ, ಒಂದ ಫೋಟೋ ಆಗ್ಲಿ" ಅಂದ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಒತ್ತಿ ಕೂತರು. ಭಜನೆಯವರು ತಾಳ ನಿಲ್ಲಿಸಿದರು. ಇವರು ಕ್ಯಾಮೆರಾ ಎತ್ತಿದರು, ನಾನು ಹಿಂದೆ ನಿಂತೆ.

ಎಲ್ಲರೂ ಉಸಿರು ಹಿಡಿದರು. ಕ್ಯಾಮೆರಾದಿಂದ ಸದ್ದೇ ಇಲ್ಲ. ಸದ್ದು ಬರದೆ ಯಾರು ಅಲುಗುತ್ತಾರೆ? ರೆಪ್ಪೆ ಹೊಡೆಯದೆ ಕೂತರು. ಇವರು ತೆಗೆಯುತ್ತಲೇ ಇದ್ದರು. ಎಷ್ಟು ಒಳ್ಳೆಯ ಜನ, ಎಷ್ಟು ಚೆನ್ನಾಗಿ ಕೂತಿದ್ದಾರೆ ಅಂತ ಇವರಿಗೆ. ಆ ಹೊತ್ತಿನಲ್ಲಿ ಹೊರಗಿನವರು ಯಾರಾದರೂ ಬಂದಿದ್ದರೆ, ಇಷ್ಟು ಜನರಲ್ಲಿ ತೀರಿಕೊಂಡವರು ಯಾರು ಅಂತ ಕೇಳಬೇಕಾಗುತ್ತಿತ್ತು.

"ಏ ಅಣ್ಣಾ," ಅಂದ ಬಸಣ್ಣ ತುಟಿ ಅಲುಗಿಸದೆ, "ತಗೀತೀಯೋ ಇಲ್ಲೋ? ಕುತಗಿ ಹಿಡೀತು."

"ಆಗ್ಲೇ ಭಾಳ ತಗದೇನಿ."

"ಸಪ್ಪಳಽ ಬರಲಿಲ್ಲ?"

"ಇದು ಸಪ್ಪಳ ಮಾಡೂದಿಲ್ಲ."

ಭಜನೆಯ ಮುದುಕರೊಬ್ಬರಿಗೆ ಸಿಟ್ಟು ಬಂತು. "ಸಪ್ಪಳ ಇಲ್ಲಂದ್ರ ಫೋಟೋ ಹೆಂಗ ಬಂದೀತಪಾ? ಮುದುಕಿ ನಾಳೆ ಮತ್ತ ಸಿಗತಾಳೇನು? ಬರೋಬ್ಬರಿ ತಗಿ."

ಇವರು ಕ್ಯಾಮೆರಾದ ಗುಂಡಿಗಳನ್ನು ಅತ್ತಿತ್ತ ತಿರುಗಿಸಿ ಸದ್ದು ಹಚ್ಚಿದರು. ಆಗ ದೊಡ್ಡವ್ವನ ಮಗಳು ಶಾಂತಕ್ಕನಿಗೆ ತಡೆದಿದ್ದ ದುಃಖ ಒಡೆಯಿತು. ತಾಯಿಯ ಮೊಣಕಾಲು ಹಿಡಿದು, "ನೀ ಎಲ್ಲೂ ಹೋಗಿಲ್ಲಲ್ಲಬೇ ಯವ್ವಾ! ಇಲ್ಲೇ ಅದೀಯಲ್ಲಬೇ!" ಅಂತ ಅತ್ತಳು. ಅದೇ ಕ್ಷಣ ಇವರು ಒತ್ತಿದರು.

ಬಂದದ್ದು ಖಟಕ್ ಅಲ್ಲ. 'ಲೊಚ್, ಲೊಚ್, ಲೊಚ್.' ತೊಲೆಯ ಮೇಲಿನ ಹಲ್ಲಿ ನುಡಿದ ಹಾಗೇ.

ಅಳು ನಿಂತಿತು. ಒಂದು ಮಾತಿನ ಬೆನ್ನಿಗೆ ಹಲ್ಲಿ ನುಡಿದರೆ ಆ ಮಾತು ನಿಜ ಅಂತ ಅರ್ಥ. ಅದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಡಸಾಲೆಯ ತುಂಬ ಬೆರಳುಗಳು ನೆಲ ಕುಟ್ಟಿದವು. "ಶಿವ ಶಿವಾ," ಅಂದಳು ಒಬ್ಬ ಮುದುಕಿ, "ಖರೇ ಅಂತ ನುಡೀತು ನೋಡ್ರಬೇ." ಎಲ್ಲರೂ ಮೆಲ್ಲಗೆ ತಿರುಗಿ ದೊಡ್ಡವ್ವನ ಮುಖ ನೋಡಿದರು. ಹತ್ತಿರ ಕೂತಿದ್ದ ಕಿರಿಸೊಸೆ ಸದ್ದಿಲ್ಲದೆ ಒಂದು ಮಾರು ದೂರ ಸರಿದಳು. ಅವರಿಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೇ.

ನಾನು ನೋಡುತ್ತಿದ್ದುದು ಪರದೆಯನ್ನು. ಎಲ್ಲರ ಮುಖ ಆಚೆ ತಿರುಗಿದ್ದರಿಂದ ಚೌಕ ಅವರನ್ನೆಲ್ಲ ಬಿಟ್ಟು ದೊಡ್ಡವ್ವನ ಮೇಲೆ ಹೋಗಿ ಕೂತಿತ್ತು. ಅಷ್ಟು ಜನರಲ್ಲಿ ಕ್ಯಾಮೆರಾಕ್ಕೆ ಎದುರಾಗಿ ಇದ್ದವಳು ಅವಳೊಬ್ಬಳೇ. ಚಿಕ್ಕ ಚೌಕ ಮುಚ್ಚಿದ ರೆಪ್ಪೆಯ ಮೇಲೆ. "ಕಣ್ಣ ಹಿಡೀತು," ಅಂದರು ಇವರು ಮೆತ್ತಗೆ. ಒತ್ತಿದರು. ಆಮೇಲೆ ಚೌಕ ಅವಳ ಮುಖ ಬಿಟ್ಟಿತು. ತಲೆಯ ಮೇಲಕ್ಕೆ ಏರಿ, ಮಕ್ಕಳ ನೆತ್ತಿಯ ಮೇಲೆ ಒಂದೊಂದು ಗಳಿಗೆ ನಿಂತು ನಿಂತು, ಹೊಸ್ತಿಲ ಕಡೆ ಹೋಯಿತು. ಬಾಗಿಲಲ್ಲಿ ಯಾರೂ ಇರಲಿಲ್ಲ, ಬಿಸಿಲಷ್ಟೇ ಇತ್ತು. ಹೊಸ್ತಿಲ ಮೇಲೆ ಒಮ್ಮೆ ನಿಂತು ಆರಿಹೋಯಿತು.

"ಯಾರರೆ ಅಡ್ಡ ಬಂದ್ರೇನು?" ಅಂದರು ಇವರು.

"ಅಡ್ಡ ಯಾರೂ ಬರಲಿಲ್ರಿ," ಅಂದೆ, ಬಾಗಿಲ ಕಡೆ ಕೈ ಮುಗಿದು.

ಮರುದಿನ ಇವರು ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದರು. ಬಹಳ ಹೊತ್ತಾದರೂ ಏಳಲಿಲ್ಲ. ಚಹಾ ಆರಿತು ಅಂತ ಹೇಳಲು ಹೋದರೆ, ದೊಡ್ಡವ್ವನ ಗದ್ದವನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡುತ್ತಿದ್ದರು. ಒಂದೊಂದು ಸುಕ್ಕು, ರೆಪ್ಪೆಯ ಒಂದೊಂದು ಕೂದಲು, ಗದ್ದದ ಮೇಲೆ ಹಸಿರು ಹಚ್ಚೆಯ ಚುಕ್ಕೆ.

"ಈ ಚುಕ್ಕಿ ನನಗ ಮರ್ತಽ ಹೋಗಿತ್ತು," ಅಂದರು. "ಸಣ್ಣಂವ ಇದ್ದಾಗ ಇದನ್ನ ಬೆರಳಿಂದ ಒರಸಾಕ ಹೋಗ್ತಿದ್ನಿ." ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, "ಒಂದ ಮಾತ ಹೇಳ್ಲೇನು? ಆ ಹಳೇದರ ಕಿಂಡ್ಯಾಗ ನನಗ ಈಗ ನೆಟ್ಟಗ ಏನೂ ಕಾಣವಲ್ದು. ಖಟಕ್ ಅಂದ್ರ ಬಂತು ಅಂತ ತಿಳ್ಕೊಂಡ ಮನಿಗೆ ಬರ್ತಿದ್ನಿ. ದಾರಿ ತುಂಬ ಎದಿ ಹೊಡಕೋತಿತ್ತು."

ಗೋಡೆಯಲ್ಲಿ, ಹೊಸ್ತಿಲಲ್ಲಿ ನಾನು ಕಂಡದ್ದೇನೋ ದೇವರಿಗೇ ಗೊತ್ತು. ಆದರೆ ನನ್ನ ಪಕ್ಕದಲ್ಲೇ ನಿಂತು ಇವರು ಏನೂ ಕಾಣದೆ ಹೆದರುತ್ತಿದ್ದುದು ನನಗೆ ಗೊತ್ತಿರಲಿಲ್ಲ. "ಮಲ್ಲೂಗ ಫೋನ್ ಮಾಡ್ರಿ," ಅಂದೆ. "ಹಳೇದನ್ನ ಅಲ್ಲೇ ಕೊಟ್ಟ ಬಾ ಅಂತ ಹೇಳ್ರಿ. ಕನಮಡಿಯವರಿಗೂ ಹೇಳ್ರಿ, ನೀವ ಬರ್ತೀರಂತ."

ಹೊಸದು ಬಂದ ದಿನ ಪೂಜೆ ಮಾಡಿ, ವಿಭೂತಿ ಹಚ್ಚಿ, ಕಾಯಿ ಒಡೆದೆ. ಮೊದಲ ಫೋಟೋ ನನ್ನದೇ ಆಗಬೇಕು ಅಂತ ಇವರ ಹಟ. ಕಿಟಕಿಯ ಬೆಳಕಿಗೆ ಕೂರಿಸಿದರು. ತೆಗೆದರು. ಆಮೇಲೆ ಪರದೆಯನ್ನು ಮೂಗಿಗೆ ಹತ್ತಿರ ಹಿಡಿದು ನೋಡುತ್ತ ನಿಂತರು.

"ಏನ ಅಷ್ಟ ನೋಡಾಕತ್ತೀರಿ? ನನ್ನ ಹಿಂದ ಮತ್ತ ಯಾರರೆ ಬಂದಾರೇನು?" ನಾನು ಹಿಂದೆ ತಿರುಗಿ ನೋಡಿದೆ.

"ಯಾರೂ ಬಂದಿಲ್ಲ." ಅವರ ದನಿಯಲ್ಲಿ ಬಹಳ ಮರುಕವಿತ್ತು. "ನಿನ್ನ ತಲಿ ಯಾವಾಗ ಇಷ್ಟ ಬೆಳ್ಳಗಾತಬೇ?"

ನಾನೂ ನೋಡಿದೆ. ಇಷ್ಟು ವರ್ಷ ಇವರು ತೆಗೆದ ಫೋಟೋಗಳಲ್ಲಿ ನನ್ನ ಮುಖ ಬೆಣ್ಣೆಯ ಹಾಗೆ ನುಣ್ಣಗೆ ಬರುತ್ತಿತ್ತು. ಸೋಮವಾರದ ಉಪವಾಸದ ಫಲ ಅಂದುಕೊಂಡಿದ್ದೆ. ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ.

ಮರುದಿನ ಗುಡಿಗೆ ಕೈ ಮುಗಿದು, ಎದುರಿನ ಅಂಗಡಿಯಲ್ಲಿ ತಲೆಗೆ ಹಚ್ಚುವ ಮೆಹಂದಿ ಪುಡಿ ಕೇಳಿದೆ. "ಯಾರಿಗ್ರಿ ಅಕ್ಕಾರ, ಹೊಸದಾಗಿ?" ಅಂದ ಅಂಗಡಿಯವ.

"ನಮ್ಮ ಓಣ್ಯಾಗ ಒಬ್ಬಾಕಿ ಅದಾಳಪಾ," ಅಂದೆ, ಬೆನ್ನಿಗೆ ಸಿದ್ಧೇಶ್ವರನನ್ನು ಇಟ್ಟುಕೊಂಡು. "ಪಾಪ, ಆಕಿ ಗಂಡಗ ಈಗ ಕಣ್ಣ ಕಾಣಾಕತ್ತಾವು."