ಒತ್ತಿ ಹಿಡಿಯಿರಿ

೨೦೨೪ರ ಜೂನ್ ೧೮, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ, ಕೆಮ್ಮಿನ ಔಷಧಿ ತಯಾರಿಸುವ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಯಂತ್ರವೇ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಫಿಟ್ಟರ್ ಅದರ ಹೊಟ್ಟೆ ಬಿಚ್ಚಿ, ಒಳಗಿನಿಂದ ಒಂದು ಹರಿದ ರಬ್ಬರ್ ಉಂಗುರವನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿ ಹೊರತಂದ.

"ಇಷ್ಟೇ ಸ್ವಾಮಿ. ಸೋರದ ಹಾಗೆ ತಡೆಯೋ ಉಂಗುರ. ಇದೊಂದ್ ಬಂದ್ರೆ ಯಂತ್ರ ಓಡುತ್ತೆ."

ಉಂಗುರ ತರಿಸಬೇಕಾದವನು ಉಗ್ರಾಣಿ. ಅವನ ನಿಜವಾದ ಹುದ್ದೆಯ ಹೆಸರು ಇದಕ್ಕಿಂತ ಉದ್ದವಾಗಿತ್ತು. ಸಂಬಳ ಮಾತ್ರ ಇಷ್ಟೇ ಗಿಡ್ಡ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಪೆನ್ನಿಲ್ಲದೆ ಕೆಲಸಕ್ಕೆ ಬಂದಾನು, ಜೇಬಿನಲ್ಲಿ ವ್ಯಾಸ ಅಳೆಯುವ ಕ್ಯಾಲಿಪರ್ ಇಲ್ಲದೆ ಬರಲಾರ. ಉಂಗುರವನ್ನು ಮೇಜಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಅಳೆದ. ಒಳವ್ಯಾಸ ಮೂವತ್ತೆಂಟು ಮಿಲಿಮೀಟರ್. ಅನುಮಾನಕ್ಕೆ ಎಡೆಯಿರಬಾರದೆಂದು ಇನ್ನೊಂದು ಸಲ ಅಳೆದ. ಉಂಗುರ ಮನಸ್ಸು ಬದಲಾಯಿಸಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದರು.

"ನೋಡ್ರೀ ಉಗ್ರಾಣಿ, ಈ ಸಲ ಅನುವಾದದ ಆ್ಯಪ್ ಮುಟ್ಟೀರಿ ಮತ್ತೆ! ಕೊಳಲು ನೆನಪಿದೆ ತಾನೆ?"

ನೆನಪಿಲ್ಲದೆ ಏನು! ಯಂತ್ರ ಚೀನಾದ್ದು. ಅದನ್ನು ಮಾರಿದ ಕಂಪನಿಯ ಸಂದೇಶದ ಕಿಟಕಿಯಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಒಂದು ನಗುಮುಖ ಬರುತ್ತಿತ್ತು. ಫೋಟೊ ಕಳಿಸಿದರೆ ಎರಡು. ಹೀಗಾಗಿ ಹೋದ ವರ್ಷ ಅನುವಾದದ ಆ್ಯಪ್ ನಂಬಿ ಚೀನೀ ಭಾಷೆಯಲ್ಲಿ ಐವತ್ತು ಪೈಪು ಕೇಳಿದಾಗ ಐವತ್ತು ಬಿದಿರಿನ ಕೊಳಲುಗಳು ಬಂದಿಳಿದಿದ್ದವು. ನಲವತ್ತೊಂಬತ್ತು ಇಂದಿಗೂ ಉಗ್ರಾಣದ ಕಪಾಟಿನಲ್ಲಿವೆ. ಐವತ್ತನೆಯದನ್ನು ಗೇಟಿನ ಕಾವಲುಗಾರ ಕಲಿಯುತ್ತಿದ್ದಾನೆ. ಒಂದು ವರ್ಷದ ಸಾಧನೆಯಲ್ಲಿ ಅವನು ಎರಡನೆಯ ಸ್ವರದ ಹತ್ತಿರ ಬಂದಿದ್ದ.

"ನಿಘಂಟು ನೋಡಿ," ಎಂದರು ಮ್ಯಾನೇಜರ್. "ಚೀನೀ ನಿಘಂಟು ಮೊಬೈಲಲ್ಲೇ ಸಿಗುತ್ತೆ. ಸರಿಯಾದ ಪದ ಎತ್ಕೊಳ್ಳಿ, ತಂದು ಅಂಟಿಸಿ. ನಿಘಂಟು ಸುಳ್ಳು ಹೇಳೋದಿಲ್ಲ. ಇವತ್ತು ನಮ್ಮ ಐದು ಗಂಟೆಗೆ ಅವರ ಆಫೀಸಿಗೆ ಹದಿನೈದು ದಿನ ಬೀಗ. ಅಷ್ಟರೊಳಗೆ ಆರ್ಡರ್ ಹೋಗ್ಲಿಲ್ಲ ಅಂದ್ರೂ, ಹೋಗಿ ಮತ್ತೆ ಕೊಳಲು ಬಂತು ಅಂದ್ರೂ, ನಾಳೆಯಿಂದ ನಿಮಗೆ ಹಿಂದಿನ ಅಂಗಳ."

ಹಿಂದಿನ ಅಂಗಳವೆಂದರೆ ಖಾಲಿ ಬಾಟಲಿಗಳ ರಾಶಿ. ಚಾವಣಿಯಿಲ್ಲ, ಫ್ಯಾನಿಲ್ಲ. ಗೋಡೆಗೆ ಒರಗಿಸಿಟ್ಟರೆ ಮಾತ್ರ ಕುರ್ಚಿಯೆನ್ನಿಸಿಕೊಳ್ಳುವ ಒಂದು ಕುರ್ಚಿ ಇದೆ. ಅಲ್ಲಿಗೆ ಹೋದವರು ಬಡ್ತಿ ಪಡೆದು ವಾಪಸು ಬಂದ ದಾಖಲೆಯಿಲ್ಲ.

ಉಗ್ರಾಣಿ ತನ್ನ ಭಾವಮೈದುನನಿಗೆ ಫೋನ್ ಮಾಡಿದ. ಮೊಬೈಲಿನ ವಿಷಯದಲ್ಲಿ ಅವನ ಜ್ಞಾನ ಅಪಾರ. ಬೇರೆ ಯಾವ ವಿಷಯಕ್ಕೂ ಜಾಗ ಉಳಿದಿರಲಿಲ್ಲ.

"ಅಯ್ಯೋ ಭಾವಾ, ಇದೇನ್ ಮಹಾ! ಆ್ಯಪ್ ಹಾಕ್ಕೊಳ್ಳಿ, ಇಂಗ್ಲಿಷಲ್ಲಿ ಪದ ಹುಡುಕಿ. ಚೀನೀ ಅಕ್ಷರದ ಮೇಲೆ ಒತ್ತಿ ಹಿಡೀರಿ. ಎರಡು ನೀಲಿ ಹಿಡಿ ಬರ್ತವೆ. ಎಳೀರಿ, ಕಾಪಿ ಒತ್ತಿ, ಮುಗೀತು. ಚಿಕ್ಕ ಮಗು ಕೂಡ ಮಾಡುತ್ತೆ."

"ಹಾಗಾದ್ರೆ ಒಂದು ಮಗು ಕಳಿಸು," ಎಂದ ಉಗ್ರಾಣಿ.

ಪದ ಸಿಕ್ಕಿತು. ಮೂರು ಚೀನೀ ಅಕ್ಷರ, ಕೆಳಗೆ ಉಚ್ಚಾರ, ಅದರ ಕೆಳಗೆ ಇಂಗ್ಲಿಷ್ ಅರ್ಥ: ಸೋರಿಕೆ ತಡೆಯುವ ಉಂಗುರ. ಬೆಳಿಗ್ಗೆಯ ಕೆಲಸ ಮುಗಿದೇಹೋಯಿತೆಂದು ಅವನು ಬೆರಳು ಚಾಚಿದ.

ಸ್ವಲ್ಪ ಮೆಲ್ಲಗೆ ಮುಟ್ಟಿದರೆ ಆ್ಯಪ್ ಅದನ್ನು ಪ್ರಶ್ನೆಯೆಂದು ತಿಳಿದು, ಮುಟ್ಟಿದ ಅಕ್ಷರದ ಮನೆಗೇ ಕರೆದೊಯ್ದು ಕೂರಿಸುತ್ತಿತ್ತು. ಸ್ವಲ್ಪ ಜೋರಾಗಿ ಒತ್ತಿ ಹಿಡಿದರೆ ಅಕ್ಷರ, ಉಚ್ಚಾರ, ಅರ್ಥ, ಉದಾಹರಣೆ ಎಲ್ಲಕ್ಕೂ ಒಟ್ಟಿಗೆ ನೀಲಿ ಬಳಿಯುತ್ತಿತ್ತು. ಇವೆರಡರ ನಡುವೆ ಎಲ್ಲೋ ಒಂದು ಸರಿಯಾದ ಒತ್ತಡವಿರಲೇಬೇಕೆಂದು ಉಗ್ರಾಣಿಯೊಳಗಿನ ವಿಜ್ಞಾನಿ ನಂಬಿದ. ವಿಜ್ಞಾನಿಗಳು ಹೀಗೆ ನಂಬಿಯೇ ವಯಸ್ಸು ಕಳೆಯುವುದು. ಹನ್ನೊಂದೂವರೆಯ ಹೊತ್ತಿಗೆ ಅವನು ಉಂಗುರದಿಂದ ಜಾರಿ ವೃತ್ತಕ್ಕೆ ಬಿದ್ದು, ವೃತ್ತದಿಂದ ಬೇಲಿಗೆ, ಬೇಲಿಯಿಂದ ಹಂದಿಗೂಡಿಗೆ ತಲುಪಿದ್ದ. ಸರಿಯಾಗಿ ಆಗಲೇ ಮ್ಯಾನೇಜರ್ ಹೆಗಲ ಮೇಲಿಂದ ಬಗ್ಗಿದರು.

"ಹಂದಿಗೂಡು," ಎಂದು ಅವರು ಗಟ್ಟಿಯಾಗಿ ಓದಿದರು. "ನಮ್ಮ ಕಾರ್ಖಾನೆ ಬಗ್ಗೆ ಬರೀತಾ ಇದೀರೋ, ನನ್ನ ಕೋಣೆ ಬಗ್ಗೇನೋ?"

"ಇಲ್ಲ ಸರ್, ದಾರಿಯಲ್ಲಿ ಸಿಕ್ತು."

"ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲಾ ನಿಲ್ತಾ ಇದ್ರೆ ಐದು ಗಂಟೆ ಆಗುತ್ತೆ," ಎಂದು ಅವರು ಹೋದರು.

ಮಧ್ಯಾಹ್ನ ಒಂದು ಪವಾಡ ನಡೆಯಿತು. ಎರಡು ನೀಲಿ ಹಿಡಿಗಳು ಮೂರೇ ಅಕ್ಷರಗಳ ಆಚೀಚೆ, ದ್ವಾರಪಾಲಕರ ಹಾಗೆ ನಿಂತವು. ಉಗ್ರಾಣಿ ಉಸಿರಾಡಲಿಲ್ಲ. 'ಕಾಪಿ' ಎಂಬಲ್ಲಿಗೆ ಬೆರಳು ಇಳಿಯುತ್ತಿತ್ತು. ಇನ್ನೊಂದು ಕೂದಲೆಳೆಯಷ್ಟು ದೂರ. ಫೋನ್ ರಿಂಗಾಯಿತು.

"ಊಟ ಆಯ್ತಾ?" ಎಂದಳು ಹೆಂಡತಿ.

"ಇಲ್ಲ."

"ಯಾಕೆ ಹಾಗ್ ಉಸಿರು ಬಿಡ್ತಾ ಇದೀರಿ? ಏನ್ ಮಾಡ್ತಾ ಇದ್ರಿ?"

"ಒತ್ತಿ ಹಿಡ್ಕೊಂಡಿದ್ದೆ."

"ಯಾರನ್ನ?"

ಆ ಮಾತುಕತೆ ಮುಗಿಯಲು ಹಿಡಿದ ಸಮಯವನ್ನು ಇಲ್ಲಿ ದಾಖಲಿಸುವುದು ಬೇಡ. ಮುಗಿದಾಗ ಆ್ಯಪ್ ಮತ್ತೆ ಮೊದಲಿನ ಪುಟಕ್ಕೆ ಹೋಗಿ, 'ಏನು ಹುಡುಕಲಿ?' ಎಂದು ಇವನ ಮುಖ ಮೊದಲ ಬಾರಿ ನೋಡಿದಂತೆ ಕೇಳುತ್ತಿತ್ತು.

ಮೂರು ಗಂಟೆಯ ಹೊತ್ತಿಗೆ ಸುದ್ದಿ ಹಬ್ಬಿತು. ಕಷ್ಟದಲ್ಲಿರುವವನಿಗೆ ಸಲಹೆ ಕೊಡುವುದೆಂದರೆ ಕಾರ್ಖಾನೆಯಲ್ಲಿ ಎಲ್ಲರಿಗೂ ಸಂಬಳ ಬಂದಷ್ಟು ಹುರುಪು. ಮೊದಲು ಫಿಟ್ಟರ್ ಬಂದ.

"ಕೊಡಿ ಇಲ್ಲಿ. ಯಂತ್ರನೇ ಬಿಚ್ಚಿದೋನು, ಇದ್ಯಾವ್ ಲೆಕ್ಕ."

ಅವನು ಒತ್ತಿದ. ಪರದೆ ಕದಲಲಿಲ್ಲ. ಇನ್ನೂ ಒತ್ತಿದ. ಮೊಬೈಲು ಮೇಜಿಗೆ ಅಂಟಿತೇ ಹೊರತು ಅಕ್ಷರ ಅಲುಗಲಿಲ್ಲ. ಪರದೆ ಗುರುತಿಸುವುದು ಬೆರಳಿನ ವಿದ್ಯುತ್ ಗುಣವನ್ನು. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದು ಕಾಯಿ ಕಟ್ಟಿದ ಆ ಬೆರಳಿನಲ್ಲಿ ಅಂಥ ಗುಣ ಉಳಿದಿರಲಿಲ್ಲ.

"ಮೊಬೈಲ್ ಕೆಟ್ಟಿದೆ," ಎಂದು ಫಿಟ್ಟರ್ ತೀರ್ಪು ಕೊಟ್ಟ.

"ಮೊಬೈಲಲ್ಲ, ನಿಮ್ ಬೆರಳು," ಎನ್ನುತ್ತಾ ಲೆಕ್ಕದ ಅಕ್ಕ ಬಂದಳು. ಕಾರ್ಖಾನೆಯ ಲೆಕ್ಕ ಬರೆಯುವ ಈ ಅಕ್ಕನ ಉಗುರುಗಳು ಉದ್ದ, ಕೆಂಪು, ಚೂಪು. "ಇಂಥ ಕೆಲಸಕ್ಕೆ ನಾಜೂಕು ಬೇಕು."

ನಾಜೂಕು ಪರದೆಯ ಮೇಲೆ ಟಕಟಕ ಸದ್ದು ಮಾಡಿತು, ಅಷ್ಟೆ. ಉಗುರಿಗೂ ವಿದ್ಯುತ್ ಹರಿಯುವುದಿಲ್ಲವೆಂದು ಉಗ್ರಾಣಿ ವಿವರಿಸಹೊರಟ.

"ನನ್ ಉಗುರಿನ ಸುದ್ದಿಗೆ ಬರ್ಬೇಡಿ," ಎಂದಳು ಅಕ್ಕ.

ನಾಲ್ಕೂವರೆಯಾಯಿತು. ಗೇಟಿನ ಕಡೆಯಿಂದ ಕೊಳಲು ನರಳಿತು. ಉಗ್ರಾಣಿ ಥಟ್ಟನೆ ಎದ್ದ. ತೂತಿನ ಮೇಲೆ ಸರಿಯಾದ ಒತ್ತಡದಲ್ಲಿ ಬೆರಳಿಡುವುದನ್ನೇ ವರ್ಷವಿಡೀ ಅಭ್ಯಾಸ ಮಾಡಿದ ಮನುಷ್ಯ ಕಾರ್ಖಾನೆಯಲ್ಲಿ ಒಬ್ಬನೇ ಇದ್ದ!

ಕಾವಲುಗಾರನನ್ನು ಕೈಹಿಡಿದು ಕರೆತಂದರು. ಅವನು ಕೊಳಲನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆರಳನ್ನು ತೇಲಿಸಿ ಇಳಿಸಿದ. ನೀಲಿ ಹಿಡಿಗಳು ಬಂದವು. ಎಳೆದ, ಬಂದವು. ಕಾಪಿ. ಸಂದೇಶದ ಕಿಟಕಿ. ಅಂಟಿಸು. ಮೂರೇ ಮೂರು ಅಕ್ಷರ, ಆಗತಾನೆ ಸ್ನಾನ ಮಾಡಿಬಂದವರ ಹಾಗೆ ಶುಭ್ರವಾಗಿ ನಿಂತವು. ಉಗ್ರಾಣಿ ಅದನ್ನು ತಿರುಗಿ ನಿಘಂಟಿಗೇ ಹಾಕಿ ಪರೀಕ್ಷಿಸಿದ. ಸೋರಿಕೆ ತಡೆಯುವ ಉಂಗುರ. ಕೊಳಲಲ್ಲ, ಹಂದಿಗೂಡಲ್ಲ.

"ಶಹಬ್ಬಾಸ್!" ಎಂದು ಫಿಟ್ಟರ್ ಕಾವಲುಗಾರನ ಬೆನ್ನಿಗೆ ಗುದ್ದಿದ.

ಉಗ್ರಾಣಿ ಪಕ್ಕದಲ್ಲಿ ೩೮ ಎಂದು ತಾನೇ ಒತ್ತಿದ. ಇನ್ನು ಮಿಲಿಮೀಟರ್ ಎಂಬುದೊಂದು ಬಾಕಿ. ನಿಘಂಟಿನಲ್ಲಿ ಹುಡುಕಿ ಕಾವಲುಗಾರನ ಕೈಗೆ ಕೊಡುವಷ್ಟರಲ್ಲಿ ಗೇಟಿನಾಚೆ ಒಂದು ಲಾರಿ ಹಾರ್ನ್ ಮಾಡತೊಡಗಿತು. ಬಿಡಲಿಲ್ಲ.

"ಬಂದೆ, ಬಂದೆ," ಎಂದು ಕಾವಲುಗಾರ ಕೊಳಲಿನ ಸಮೇತ ಓಡಿದ.

ಐದಕ್ಕೆ ನಾಲ್ಕು ನಿಮಿಷ. ಮ್ಯಾನೇಜರ್ ಬಾಗಿಲಲ್ಲಿ ಬಂದು ಗಡಿಯಾರ ನೋಡುತ್ತಾ ನಿಂತರು. ಹಾಗೆ ಗಡಿಯಾರ ನೋಡುವುದಕ್ಕೇ ಅವರಿಗೆ ಸಂಬಳ ಕೊಡುತ್ತಿದ್ದರು. ಉಗ್ರಾಣಿಯ ಬೆರಳು ಬೆವರಿ ಜಾರುತ್ತಿತ್ತು. ಲೆಕ್ಕದ ಅಕ್ಕ ಮೊಬೈಲ್ ಕಸಿದುಕೊಂಡು, ಉಗುರು ಮೇಲೆತ್ತಿ, ಬೆರಳನ್ನು ಅಡ್ಡಡ್ಡ ಮಲಗಿಸಿ ಒತ್ತಿದಳು. ಕಾಪಿ. ಅಂಟಿಸು.

"ಬಂತು!"

ಉಗ್ರಾಣಿ ಕಣ್ಣು ಕಿರಿದು ಮಾಡಿದ. "ನಿಘಂಟಲ್ಲಿ ಎರಡು ಅಕ್ಷರ ಇತ್ತು ಅಕ್ಕ. ಇಲ್ಲಿ ಒಂದೇ ಬಂದಿದೆ."

"ನೀವು ಮಿಲಿಮೀಟರ್ ಅಂತ ಪೂರ್ತಿ ಬರೀತೀರಾ? ಮಿ.ಮೀ. ಅಂತ ತಾನೆ? ಹಾಗೇ ಇದು. ಅವರಿಗೂ ಕೆಲಸ ಇರಲ್ವಾ?"

"ಆದ್ರೂ ಒಂದ್ ಸಲ ಪರೀಕ್ಷೆ ಮಾಡಿ…"

"ಮೂವತ್ತೆಂಟು ಅಂತ ಇದೆಯಲ್ಲ," ಎಂದ ಫಿಟ್ಟರ್. "ಸಂಖ್ಯೆ ಸರಿಯಿದ್ರೆ ಮುಗೀತು. ಉಂಗುರ ಅಂತ ಇದೆ. ಇನ್ನೇನ್ ಜಾತಕ ಬೇಕಾ ಅವರಿಗೆ?"

"ಎರಡು ನಿಮಿಷ," ಎಂದರು ಮ್ಯಾನೇಜರ್.

ಉಗ್ರಾಣಿ ಕಳಿಸಿದ.

ಎಲ್ಲರೂ ಮೊಬೈಲಿನ ಮೇಲೆ ಬಗ್ಗಿದರು. ಐದಕ್ಕೆ ಕೆಲವು ಸೆಕೆಂಡು ಇದ್ದಾಗ ಮೊಬೈಲ್ ಟಿಣ್ ಎಂದಿತು. ನಗುಮುಖವಲ್ಲ. ಉದ್ದನೆಯ ಪತ್ರ. ಅದೂ ತಪ್ಪಿಲ್ಲದ, ಅಲ್ಪವಿರಾಮಗಳೆಲ್ಲಾ ತಮ್ಮ ತಮ್ಮ ಜಾಗದಲ್ಲಿರುವ ಇಂಗ್ಲಿಷಿನಲ್ಲಿ. ಮ್ಯಾನೇಜರ್ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಾ ಹೋದರು.

"'ಪ್ರಿಯ ಮಿತ್ರರೇ, ನಾನು ಈ ವಿಭಾಗಕ್ಕೆ ಈ ತಿಂಗಳು ಬಂದವಳು, ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿದ್ದೇನೆ. ಇಷ್ಟು ದಿನ ನಿಮಗೆ ನಗುಮುಖ ಕಳಿಸುತ್ತಿದ್ದುದು ನಮ್ಮ ಕಂಪ್ಯೂಟರ್. ಇನ್ನು ಮುಂದೆ ದಯವಿಟ್ಟು ಇಂಗ್ಲಿಷಿನಲ್ಲೇ ಬರೆಯಿರಿ, ನಮ್ಮ ಭಾಷೆಗಾಗಿ ಶ್ರಮ ಪಡಬೇಡಿ.'"

ಲೆಕ್ಕದ ಅಕ್ಕ ಕಿಸಕ್ಕೆಂದಳು. ಮ್ಯಾನೇಜರ್ ಮುಂದುವರಿಸಿದರು, ಒಂದೊಂದು ವಾಕ್ಯಕ್ಕೂ ಅವರ ದನಿ ಸ್ವಲ್ಪ ಸ್ವಲ್ಪವೇ ಇಳಿಯಿತು.

"'ನಿಮ್ಮ ಕಾರ್ಖಾನೆ ಇಷ್ಟು ಬೆಳೆದಿರುವುದು ಕಂಡು ನಮಗೆಲ್ಲಾ ಹೆಮ್ಮೆ. ಇಂಥ ಉಂಗುರವನ್ನು ಈವರೆಗೆ ನಮ್ಮನ್ನು ಯಾರೂ ಕೇಳಿರಲಿಲ್ಲ. ನಿಮಗೋಸ್ಕರ ಒಂದು ತಂಡದ ರಜೆ ರದ್ದು ಮಾಡಿದ್ದೇವೆ. ಬಿಡಿಭಾಗಗಳಿಗೆಂದು ನೀವು ನಮ್ಮಲ್ಲಿಟ್ಟಿದ್ದ ಮುಂಗಡವನ್ನೆಲ್ಲಾ ಇದಕ್ಕೇ ಹಿಡಿದುಕೊಂಡಿದ್ದೇವೆ. ಉಂಗುರವನ್ನು ತುಂಡು ಮಾಡದೆ ಇಡಿಯಾಗಿಯೇ ಕಳಿಸುತ್ತೇವೆ, ಇಳಿಸಿಕೊಳ್ಳಲು ಕ್ರೇನ್ ಸಿದ್ಧವಿರಲಿ. ಒಳವ್ಯಾಸ, ನೀವು ಕೇಳಿದಂತೆಯೇ, ಮೂವತ್ತೆಂಟು ಮೀಟರ್.'"

ಉಗ್ರಾಣಿ ಮೊಬೈಲ್ ಕಿತ್ತುಕೊಂಡು 'ಬೇಡ, ನಿಲ್ಲಿಸಿ' ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಆಗ ಐದು ಹೊಡೆದಿತ್ತು. ಒಂದು ನಗುಮುಖ ಬಂತು.

ಫಿಟ್ಟರಿಗೆ ಯಂತ್ರದ ಹತ್ತಿರ ತುರ್ತು ಕೆಲಸ ನೆನಪಾಯಿತು. ಯಂತ್ರ ನಿಂತಿದ್ದರೂ ನೆನಪಾಯಿತು. ಲೆಕ್ಕದ ಅಕ್ಕ ತನ್ನ ಉಗುರುಗಳನ್ನು ಪರೀಕ್ಷಿಸುತ್ತಾ, "ನಾನ್ ಆಗ್ಲೇ ಅಂದ್ಕೊಂಡೆ, 'ಮಿಲಿ' ಅನ್ನೋ ಅಕ್ಷರ ಕಡಿಮೆ ಇದೆ ಅಂತ," ಎಂದು ಹೊರಟಳು.

ಮ್ಯಾನೇಜರ್ ಮೂಗಿನ ಮೇಲಿನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹಿಂದಿನ ಅಂಗಳ," ಎಂದರು. "ನಾಳೆ ಅಲ್ಲ, ಈಗಲೇ. ಬಾಟಲಿ ಎಲ್ಲಾ ಸರಿಸಿ ಜಾಗ ಮಾಡಿ. ಅದು ಬಂದಾಗ ಅಲ್ಲೇ ಇಳಿಸೋದು. ನೀವು ಅದರ ನಡುವೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ."

ಉಗ್ರಾಣಿ ಕ್ಯಾಲಿಪರನ್ನು ಮೇಜಿನ ಮೇಲಿಟ್ಟ. ಈ ಕೆಲಸಕ್ಕೆ ಅದು ಚಿಕ್ಕದಾಯಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದನೆಯ ಟೇಪು ತೆಗೆದುಕೊಂಡು ಹಿಂದಿನ ಅಂಗಳಕ್ಕೆ ನಡೆದ. ಗೇಟಿನಲ್ಲಿ ಕಾವಲುಗಾರ ಕೊನೆಗೂ ಎರಡನೆಯ ಸ್ವರ ನುಡಿಸಿದ. ಉಗ್ರಾಣಿ ಬಾಟಲಿಗಳ ನಡುವೆ ಬಗ್ಗಿ, ಟೇಪನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದು, ಅಂಕಿ ಓದಿ, ಅನುಮಾನಕ್ಕೆ ಎಡೆಯಿರಬಾರದೆಂದು ಇನ್ನೊಂದು ಸಲ ಅಳೆದ.

ಅಂಗಳದ ಉದ್ದ ಮೂವತ್ತೊಂದು ಮೀಟರ್.